ಬೀದರ್ ಥಂಡಿಗೆ ಯಾವ ಹೀಟರ್, ಯಾವ ಗೀಜರ್, ಯಾವ ಬ್ಯಾಟರಿ

ದೀಪಾವಳಿ ದಾಟಿತೆಂದರೆ ಬೀದರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೂಲರ್ ಗೋದಾಮಿಗೆ ಹೋಗಿ ಹೀಟರ್ ಮುಂದಿನ ಸಾಲಿಗೆ ಬರುತ್ತದೆ. ಸಾವಿರ ರೂಪಾಯಿಯ ರಾಡ್ ಹೀಟರಿನಿಂದ ಹನ್ನೆರಡು ಸಾವಿರದ ಆಯಿಲ್ ಹೀಟರಿನವರೆಗೆ ಎಲ್ಲವೂ ಸಿಗುತ್ತದೆ. ಎಲ್ಲದರ ಡಬ್ಬಿಯ ಮೇಲೂ ಹಿಮ ಬಿದ್ದ ಬೆಟ್ಟದ ಚಿತ್ರ ಇರುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಬೀದರಿನ ಥಂಡಿ ಹಿಮಾಲಯದ ಥಂಡಿಯಲ್ಲ.

ಊರು ಕೂತಿರುವುದು ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಕಲ್ಲಿನ ದಿಬ್ಬದ ಮೇಲೆ. ಸಮುದ್ರ ದೂರ, ಗಾಳಿ ಒಣ, ಆಕಾಶ ನಿಚ್ಚಳ. ಮಧ್ಯಾಹ್ನ 28 ಡಿಗ್ರಿ ಇದ್ದದ್ದು ಕೆಲವು ದಿನ ನಸುಕಿಗೆ ಹತ್ತರ ಕೆಳಗೂ ಇಳಿಯುತ್ತದೆ. ಶೀತಗಾಳಿಯ ವಾರದಲ್ಲಿ ಆರೇಳಕ್ಕೂ ಬರುತ್ತದೆ. ಅಂದರೆ ಇಲ್ಲಿ ಜಗಳವಿರುವುದು ಡಿಸೆಂಬರ್, ಜನವರಿಯ ಸುಮಾರು ಅರವತ್ತು ದಿನ, ಅದರಲ್ಲೂ ನಸುಕಿನ ನಾಲ್ಕರಿಂದ ಎಂಟರವರೆಗಿನ ನಾಲ್ಕು ತಾಸು. ಕೊಳ್ಳುವ ಯಾವುದೇ ಸಾಮಾನನ್ನು ಈ ನಾಲ್ಕು ತಾಸಿಗೆ ಅದು ಎಷ್ಟು ಒದಗುತ್ತದೆ ಎಂಬುದರಿಂದಲೇ ಅಳೆಯಬೇಕು. ಇಲ್ಲಿ ಅಳೆದಿರುವುದೂ ಹಾಗೆಯೇ.

ಹೀಟರುಗಳು

ಮೊದಲು ಅಂಗಡಿಯವರು ಹೇಳದ ಮಾತು. ಒಂದು ಯೂನಿಟ್ ಕರೆಂಟು ಯಾವ ಹೀಟರಿನಲ್ಲಿ ಉರಿದರೂ ಕೊಡುವ ಶಾಖ ಒಂದೇ, 860 ಕಿಲೊಕ್ಯಾಲರಿ. ಸಾವಿರದ ಹೀಟರ್ ಕಡಿಮೆ ಕೊಟ್ಟು ಹನ್ನೆರಡು ಸಾವಿರದ್ದು ಹೆಚ್ಚು ಕೊಡುವುದಿಲ್ಲ. 'ಇದು ಕರೆಂಟ್ ಉಳಿಸುತ್ತೆ' ಎಂದರೆ, 'ಇದರ ಥರ್ಮೋಸ್ಟ್ಯಾಟ್ ಆಗಾಗ ಆಫ್ ಮಾಡುತ್ತೆ' ಎಂದಷ್ಟೇ ಅರ್ಥ. ವ್ಯತ್ಯಾಸ ಇರುವುದು ಆ ಶಾಖ ಎಲ್ಲಿಗೆ, ಎಷ್ಟು ಬೇಗ, ಎಷ್ಟು ಸುರಕ್ಷಿತವಾಗಿ ತಲುಪುತ್ತದೆ ಎಂಬುದರಲ್ಲಿ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಹಿಡಿಯಿರಿ. ಅದರೊಳಗಿನ ಗಾಳಿಯೊಂದನ್ನೇ ಹತ್ತು ಡಿಗ್ರಿ ಏರಿಸಲು ಬೇಕಾದದ್ದು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. 2,000 ವಾಟ್ ಬ್ಲೋವರಿಗೆ ಅದು ಮೂರು ನಾಲ್ಕು ನಿಮಿಷದ ಕೆಲಸ. ಹಾಗಿದ್ದರೂ ಅರ್ಧ ತಾಸು ಓಡಿಸಿದ ಮೇಲೂ ಕೋಣೆ ಯಾಕೆ ಬೆಚ್ಚಗಾಗುವುದಿಲ್ಲ? ರಾತ್ರಿಯಿಡೀ ಬಯಲು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾದ ಆರ್‌ಸಿಸಿ ಸ್ಲ್ಯಾಬೂ ಗೋಡೆಗಳೂ ಬಿಸಿಗಾಳಿಯನ್ನು ಬಂದಷ್ಟಕ್ಕೂ ಹೀರುತ್ತವೆ. ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿ ಉಳಿದದ್ದನ್ನು ಹೊರಗೆ ಸಾಗಿಸುತ್ತದೆ. ಹಾಗಾಗಿ ಹೀಟರಿಗಿಂತ ಮೊದಲು ಕೊಳ್ಳಬೇಕಾದದ್ದು ಬಾಗಿಲ ಕೆಳಗೆ ಅಂಟಿಸುವ ರಬ್ಬರ್ ಪಟ್ಟಿ ಮತ್ತು ಕಿಟಕಿಯ ಚೌಕಟ್ಟಿಗೆ ಫೋಮ್ ಟೇಪು. ಇಡೀ ಪಟ್ಟಿಯಲ್ಲಿ ಕೊಟ್ಟ ರೊಕ್ಕಕ್ಕೆ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಸಾಮಾನಿಲ್ಲ. ಪತ್ರಾಸಿನ ಮನೆಯಾದರೆ ಕಥೆ ಬೇರೆ. ತೆಳು ತಗಡು ಶಾಖವನ್ನು ಒಂದು ಗಳಿಗೆಯೂ ಹಿಡಿಯುವುದಿಲ್ಲ. ಮೇಲಿಂದ ನಸುಕಿಗೆ ಬೆವರಿನಂತೆ ಹನಿಯೂ ಉದುರುತ್ತದೆ. ಅಲ್ಲಿ ತಗಡಿನ ಕೆಳಗೆ ಒಂದಡಿ ಬಿಟ್ಟು ಸೀಲಿಂಗ್ ಕಟ್ಟದೆ ಎಷ್ಟು ವಾಟಿನ ಹೀಟರ್ ತಂದರೂ ದಂಡ.

ಕ್ವಾರ್ಟ್ಜ್ ರಾಡ್ ಹೀಟರ್, ಎರಡು ರಾಡು, 800 ವಾಟ್, ಸಾವಿರದಿಂದ ಸಾವಿರದೈನೂರರ ಆಸುಪಾಸು. ಇದು ಗಾಳಿಯನ್ನು ಕಾಯಿಸುವುದಿಲ್ಲ, ಎದುರಿಗೆ ಕೂತವರನ್ನು ಕಾಯಿಸುತ್ತದೆ, ಚಳಿಗಾಲದ ಬಿಸಿಲಿನ ಹಾಗೆ. ಓದಲು ಕೂತ ಮಕ್ಕಳಿಗೆ, ಪೂಜೆಗೆ ಕೂತ ಹಿರಿಯರಿಗೆ ನಾಲ್ಕಡಿ ದೂರದಲ್ಲಿಟ್ಟರೆ ಸಾಕು, ಹಚ್ಚಿದ ಒಂದು ನಿಮಿಷಕ್ಕೆ ಹಿತವೆನಿಸುತ್ತದೆ. ಮೂರು ತಾಸಿಗೆ ಎರಡೂವರೆ ಯೂನಿಟ್ಟೂ ಆಗುವುದಿಲ್ಲ. ಬೀದರಿಗೆ ಇದೇ ಸರಿಯಾದ ಮೊದಲ ಹೀಟರ್ ಎಂಬುದು ಈ ವಿಮರ್ಶೆಯ ಅಭಿಪ್ರಾಯ. ಕೊರತೆಯೂ ಇದೆ: ಜಾಳಿಗೆ ತೆಳುವಾದದ್ದು, ಕೌದಿಯ ತುದಿ ತಾಗಿದರೆ ಸುಡುತ್ತದೆ, ಮಲಗುವಾಗ ಹಚ್ಚಿಡುವ ಸಾಮಾನಲ್ಲ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಮತ್ತೆ ಅಂಗಡಿಯಲ್ಲೇ ಹಚ್ಚಿಸಿ ಓರೆ ಮಾಡಿ. ಓರೆಯಾದೊಡನೆ ತಾನೇ ಆಫ್ ಆಗುವ ಸ್ವಿಚ್ಚಿಲ್ಲದಿದ್ದರೆ ಅಲ್ಲೇ ಬಿಟ್ಟುಬನ್ನಿ.

ಫ್ಯಾನ್ ಹೀಟರ್ ಅಥವಾ ಬ್ಲೋವರ್, 1,000 ಮತ್ತು 2,000 ವಾಟಿನ ಎರಡು ಹಂತ. ಬಚ್ಚಲಿನಂಥ ಸಣ್ಣ ಜಾಗವನ್ನು ಐದು ನಿಮಿಷಕ್ಕೆ ಬೆಚ್ಚಗೆ ಮಾಡುತ್ತದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಮುಂಚೆ ಹತ್ತು ನಿಮಿಷ ಓಡಿಸಿ, ನೀರು ಮುಟ್ಟುವ ಮೊದಲು ಹೊರಗೆ ತೆಗೆದಿಡಬೇಕು. ಸದ್ದು ಜಾಸ್ತಿ. ನಮ್ಮ ಧೂಳಿಗೆ ಹಿಂದಿನ ಜಾಳಿಗೆ ಒಂದೇ ಸೀಸನ್ನಿಗೆ ಕಟ್ಟಿಕೊಂಡು ಬಿಸಿ ಮಿತಿಮೀರಿದರೆ ತಾನೇ ಆಫ್ ಮಾಡುವ ಥರ್ಮಲ್ ಕಟೌಟ್ ಪದೇ ಪದೇ ಬೀಳುತ್ತದೆ. ಆಗ 'ಕೆಟ್ಟಿತು' ಎಂದು ಎಸೆಯುವವರೇ ಹೆಚ್ಚು. ಪ್ಲಗ್ ತೆಗೆದು, ಆರಿದ ಮೇಲೆ ಪೇಂಟ್ ಬ್ರಷ್ಷಿನಿಂದ ಜಾಳಿಗೆ ಉಜ್ಜಿದರೆ ಬಹಳಷ್ಟು ಸಲ ಮತ್ತೆ ಓಡುತ್ತದೆ.

ಆಯಿಲ್ ಹೀಟರ್, 9, 11 ಅಥವಾ 13 ರೆಕ್ಕೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ಖಾಲಿಯಾಗುವುದಿಲ್ಲ, ಮತ್ತೆ ತುಂಬುವ ಮಾತೇ ಇಲ್ಲ. ಅದು ಶಾಖವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ, ಅಷ್ಟೇ. ಬೆಂಕಿ ಕಾಣುವುದಿಲ್ಲ, ಸದ್ದಿಲ್ಲ, ಬಾಣಂತಿ ಕೋಣೆಗೂ ಹಾಸಿಗೆ ಹಿಡಿದ ಹಿರಿಯರ ಕೋಣೆಗೂ ಇದಕ್ಕೆ ಸಾಟಿಯಿಲ್ಲ. ಆದರೆ ಕೋಣೆಗೆ ತಿಳಿಯಲು ಮುಕ್ಕಾಲು ತಾಸು ಬೇಕು. ನಸುಕಿನಲ್ಲಿ ಎದ್ದ ಮೇಲೆ ಹಚ್ಚಿದರೆ ಅದು ಬಿಸಿಯಾಗುವ ಹೊತ್ತಿಗೆ ನೀವು ಅಂಗಳದ ಬಿಸಿಲಿಗೆ ಬಂದಿರುತ್ತೀರಿ. ಟೈಮರ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ಇಡುವ ಜಾಗ ಕಿಟಕಿಯ ಕೆಳಗೆ, ಮಂಚದಿಂದ ಮೂರಡಿ ದೂರ. ಕೆಳಗಿಳಿಯುವ ತಣ್ಣನೆ ಗಾಳಿಯನ್ನು ಅಲ್ಲೇ ತಡೆಯುತ್ತದೆ. ಮಂಚದ ಹಿಂದೆ, ಪರದೆಯ ಸಂದಿಯಲ್ಲಿ ಇಡುವುದು ತಪ್ಪು, ಮೇಲೆ ಹಸಿ ಬಟ್ಟೆ ಒಣಹಾಕುವುದು ದೊಡ್ಡ ತಪ್ಪು. ಮೊದಲ ದಿನದ ವಾಸನೆಗೂ ಆಗಾಗಿನ 'ಟಕ್' ಸದ್ದಿಗೂ ಹೆದರಬೇಕಿಲ್ಲ. ಎಣ್ಣೆ ಜಿನುಗಿದ ಕಲೆ ಕಂಡರೆ ಮಾತ್ರ ಆಫ್ ಮಾಡಿ ವಾಪಸ್ ಕೊಡಿ. ಹತ್ತು ಹನ್ನೆರಡು ಅಡಿಯ ಕೋಣೆಗೆ 9 ರೆಕ್ಕೆ ಸಾಕು. 13 ರೆಕ್ಕೆಯದು ಇಲ್ಲಿ ಬರೀ ಪ್ರತಿಷ್ಠೆ.

ಆನ್‌ಲೈನಿನಲ್ಲಿ ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವ 400 ವಾಟಿನ ಪುಟ್ಟ ಹೀಟರ್ ಬರುತ್ತದೆ, ಇಡೀ ಹಾಲ್ ಬೆಚ್ಚಗಾಗುತ್ತದೆ ಎಂಬ ವಿಡಿಯೊ ಸಮೇತ. 400 ವಾಟ್ ಎಂದರೆ 400 ವಾಟೇ. ಕೈ ಕಾಯಿಸಿಕೊಳ್ಳಬಹುದು.

ಬೇಸಿಗೆಗೆ ಎಸಿ ಕೊಳ್ಳುವ ವಿಚಾರ ಹೇಗೂ ಇದ್ದವರು ಒಂದು ಲೆಕ್ಕ ನೋಡಬೇಕು. ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ಒಳಗೆ ಹಾಕುತ್ತದೆ. ಹಾಗಾಗಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ. ಸೊನ್ನೆಯ ಹತ್ತಿರದ ಊರುಗಳಲ್ಲಿ ಹೊರಗಿನ ಕಾಯಿಲ್ ಕೊಳವೆಗೆ ಹಿಮ ಹಿಡಿದು ಇದರ ಆಟ ಕೆಡುತ್ತದೆ, ಆದರೆ ನಮ್ಮ ಏಳೆಂಟು ಡಿಗ್ರಿಗೆ ಆರಾಮಾಗಿ ಓಡುತ್ತದೆ. ಮೇ ತಿಂಗಳಲ್ಲಿ ನಲವತ್ತು ದಾಟಿ, ಜನವರಿಯಲ್ಲಿ ಹತ್ತರ ಕೆಳಗೆ ಬರುವ ಊರಿಗೆ ಹೇಳಿ ಮಾಡಿಸಿದ ಯಂತ್ರ ಇದು. ಬೀದರಿನ ಅಂಗಡಿಯಲ್ಲಿ ಕೇಳದೆ ಯಾರೂ ತೋರಿಸುವುದಿಲ್ಲ. ಓಡಿಸುವಾಗ ರೆಕ್ಕೆ ಪೂರ್ತಿ ಕೆಳಮುಖ ಇರಲಿ, ಇಲ್ಲವಾದರೆ ಬಿಸಿಯೆಲ್ಲ ಸೀಲಿಂಗಿಗೆ.

ಬಿಲ್ಲಿನ ವಿಷಯ. 2,000 ವಾಟ್, ದಿನಕ್ಕೆ ಮೂರು ತಾಸು, ತಿಂಗಳಿಗೆ 180 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಸಾವಿರದ ಎಂಬತ್ತು. ಅಷ್ಟೇ ಎಂದುಕೊಳ್ಳಬೇಡಿ. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ಮಾತ್ರ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ಈಗಾಗಲೇ 80 ಯೂನಿಟ್ ಸುಡುವ ಮನೆಗೆ ಈ ಹೀಟರ್ ಬಂದರೆ ಒಟ್ಟು 260. ಆ ತಿಂಗಳ ಸೊನ್ನೆ ಬಿಲ್ಲು ಕೈಬಿಟ್ಟಂತೆ. 800 ವಾಟಿನ ರಾಡ್ ಹೀಟರನ್ನು ಎರಡು ತಾಸು ಹಚ್ಚಿದರೆ 48 ಯೂನಿಟ್, 200ರ ಗೆರೆಯೊಳಗೇ ಉಳಿಯುತ್ತೀರಿ.

ವೈರಿಂಗ್ ನೋಡದೆ ಹೀಟರ್ ತರಬೇಡಿ. 2,000 ವಾಟ್ ಎಂದರೆ ಸುಮಾರು 8.7 ಆಂಪಿಯರ್. 6 ಆಂಪಿಯರಿನ ಸಣ್ಣ ಪಿನ್ನಿನ ಬೋರ್ಡು, ಅದಕ್ಕೊಂದು ಎಕ್ಸ್‌ಟೆನ್ಷನ್, ಅದರ ತುದಿಗೆ ಹೀಟರ್: ಚಳಿಗಾಲದಲ್ಲಿ ಸುಟ್ಟ ಬೋರ್ಡುಗಳ ಜಾತಕ ಇದೇ. 16 ಆಂಪಿಯರಿನ ಸಾಕೆಟ್, ಎಂಸಿಬಿಯಿಂದ ಅಲ್ಲಿಯವರೆಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಗಟ್ಟಿ ಅರ್ಥಿಂಗು, ಮನೆಗೊಂದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ತಾನೇ ಕಡಿಯುವ ಸ್ವಿಚ್ಚು. ಅರ್ಧ ತಾಸು ಓಡಿಸಿ, ಆಫ್ ಮಾಡಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ತಪ್ಪು ಸಾಕೆಟ್ಟಿನ ಸಡಿಲ ಹಲ್ಲಿನದು, ಹೀಟರಿನದ್ದಲ್ಲ. ಹಳ್ಳಿಗಳ ಕಡೆ ವೋಲ್ಟೇಜ್ 180ಕ್ಕೆ ಇಳಿದಾಗ 2,000 ವಾಟಿನದು ಕೊಡುವುದು 1,225 ವಾಟ್ ಮಾತ್ರ, ಏಕೆಂದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ವಾಟ್ ಇಳಿಯುತ್ತದೆ. ಅದನ್ನು ಕಂಪನಿಯ ಮೋಸ ಎಂದು ಬೈದು ಪ್ರಯೋಜನವಿಲ್ಲ. ಮನೆಯ ಇನ್ವರ್ಟರಿಗೆ ಇವ್ಯಾವುದನ್ನೂ ಹಚ್ಚುವ ಹಾಗಿಲ್ಲ.

ಕರೆಂಟ್ ಹೋದಾಗ ಕೈಹಿಡಿಯುವುದು ಮುನ್ನೂರು ರೂಪಾಯಿಯ ರಬ್ಬರ್ ಚೀಲ. ಕುದಿಯುವ ನೀರು ಬೇಡ, ಕುದಿ ಇಳಿದ ಹತ್ತು ನಿಮಿಷದ ಮೇಲೆ ಮೂರರಲ್ಲಿ ಎರಡು ಪಾಲು ತುಂಬಿ, ಒತ್ತಿ ಗಾಳಿ ತೆಗೆದು, ಬಿರಡೆ ತಿರುಗಿಸಿ, ಟವೆಲ್ ಸುತ್ತಿ ಕೌದಿಯೊಳಗೆ ಕಾಲ ಹತ್ತಿರ ಇಟ್ಟರೆ ನಸುಕಿನವರೆಗೂ ಬೆಚ್ಚಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸದು ತನ್ನಿ, ರಬ್ಬರ್ ಬಿರುಕು ಬಿಡುವುದು ಹೊಲಿಗೆಯ ಅಂಚಿನಲ್ಲೇ.

ಇದ್ದಿಲಿನ ಶೇಗಡಿಗೆ ಅಂಕ ಸೊನ್ನೆ. ಅಂಗಳದಲ್ಲಿ ಕೂತು ಕಾಯಿಸಿಕೊಳ್ಳಿ, ಸುಖವೇ. ಕೆಂಡ ನಿಗಿನಿಗಿ ಇರುವಾಗ ಹೊಗೆ ಇಲ್ಲವೆಂದು ಬಾಗಿಲು ಹಾಕಿದ ಕೋಣೆಯೊಳಗೆ ತಂದಿಟ್ಟರೆ ಅದೇ ಅಪಾಯ: ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ.

ಬಿಸಿನೀರು

ಇನ್‌ಸ್ಟಂಟ್ ಗೀಜರಿನ ಬಗ್ಗೆ ಬೀದರಿನಲ್ಲಿ ಕೇಳುವ ದೂರು ಒಂದೇ, 'ಬೆಂಗಳೂರಾಗ ಚಂದ ಕಾಯ್ತಿತ್ತು, ಇಲ್ಲಿ ಉಗುರುಬೆಚ್ಚಗ ಬರ್ತದ'. ಯಂತ್ರದ ತಪ್ಪಿಲ್ಲ. 3,000 ವಾಟಿನ ಎಲಿಮೆಂಟು ನಿಮಿಷಕ್ಕೆ ಮೂರು ಲೀಟರ್ ಹರಿವ ನೀರನ್ನು ಏರಿಸಬಲ್ಲದ್ದು ಹದಿನಾಲ್ಕು ಡಿಗ್ರಿ ಮಾತ್ರ. ಬೆಂಗಳೂರಿನಲ್ಲಿ ಟ್ಯಾಂಕಿನ ನೀರು 22 ಇದ್ದರೆ 36 ಆಗಿ ಬರುತ್ತದೆ. ಇಲ್ಲಿ ತಾರಸಿಯ ಕರಿ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಆರಿ 16 ಆಗಿದ್ದರೆ 30ಕ್ಕೇ ನಿಲ್ಲುತ್ತದೆ. ನಲ್ಲಿಯನ್ನು ತಿರುಗಿಸಿ ನಿಮಿಷಕ್ಕೆ ಎರಡು ಲೀಟರಿಗೆ ಇಳಿಸಿದರೆ 37 ಮುಟ್ಟುತ್ತದೆ. ಅಡುಗೆಮನೆಗೆ ಇದು ಸಾಕು, ಸ್ನಾನಕ್ಕೆ ಬೇಡ.

ಸ್ನಾನಕ್ಕೆ 15 ಲೀಟರಿನ ಸ್ಟೋರೇಜ್ ಗೀಜರ್, 2,000 ವಾಟ್. 16ರಿಂದ 60 ಡಿಗ್ರಿಗೆ ಇಪ್ಪತ್ತಮೂರು ನಿಮಿಷ, ಮುಕ್ಕಾಲು ಯೂನಿಟ್ಟಿಗಿಂತ ಚೂರು ಹೆಚ್ಚು. ತಣ್ಣೀರು ಬೆರೆಸಿದರೆ ಒಬ್ಬೊಬ್ಬರಿಗೆ ಒಂದು ಬಕೆಟ್ಟಿನಂತೆ ಇಬ್ಬರ ಸ್ನಾನ. ಇದರ ನಿಜವಾದ ಶತ್ರು ಚಳಿಯಲ್ಲ, ಬೋರ್ ನೀರಿನ ಸುಣ್ಣ. ಗಡಸು ನೀರಿನ ಬಡಾವಣೆಯಲ್ಲಿ ಎಲಿಮೆಂಟಿನ ಮೇಲೆ ಬಿಳಿ ಪದರ ಕೂತು ಕಾಯುವ ಸಮಯ ಬೆಳೆಯುತ್ತಾ ಹೋಗುತ್ತದೆ, ಒಳಗಿಂದ ಕುದಿಯುವ ಗೊರಗೊರ ಸದ್ದು ಬರುತ್ತದೆ. ಆ ಸದ್ದೇ ಸರ್ವಿಸಿನ ಕರೆ. ಪ್ರತಿ ಅಕ್ಟೋಬರಿನಲ್ಲಿ ಮೆಕ್ಯಾನಿಕ್ಕಿನಿಂದ ಟ್ಯಾಂಕು ಖಾಲಿ ಮಾಡಿಸಿ, ಎಲಿಮೆಂಟ್ ತೊಳೆಸಿ, ಮೆಗ್ನೀಸಿಯಮ್ ಆನೋಡ್ ರಾಡು ತೋರಿಸಿ ಎಂದು ಕೇಳಿ. ಸವೆದು ಕಡ್ಡಿಯಂತಾಗಿದ್ದರೆ ಬದಲಿಸಿ. ಅದು ಸವೆಯುವುದೇ ಟ್ಯಾಂಕ್ ಸವೆಯದಿರಲೆಂದು. ಆನೋಡ್ ಹೆಸರೆತ್ತದೆ ಸರ್ವಿಸ್ ಮುಗಿಸುವವರಿಗೆ ಪೂರ್ತಿ ಹಣ ಕೊಡಬೇಡಿ.

ಇಮ್ಮರ್ಷನ್ ರಾಡ್ 1,500 ವಾಟಿನದು ಇಪ್ಪತ್ತು ಲೀಟರ್ ಬಕೆಟ್ಟನ್ನು ಸುಮಾರು ಇಪ್ಪತ್ತೈದು ನಿಮಿಷಕ್ಕೆ ಸ್ನಾನದ ಹದಕ್ಕೆ ತರುತ್ತದೆ. ಲೋಹದ ಬಕೆಟ್ ಬೇಡ, ಗುರುತಿನವರೆಗೆ ಮುಳುಗಲಿ, ರಾಡ್ ನೀರಿಗಿಳಿದ ಮೇಲೆಯೇ ಸ್ವಿಚ್, ಪ್ಲಗ್ ಕಿತ್ತ ಮೇಲೆಯೇ ಬೆರಳು. ಗ್ಯಾಸ್ ಗೀಜರ್ ಮನೆಯ ಹೊರಗೋಡೆಗೆ ಇದ್ದರೆ ಒಳ್ಳೆಯ ಯಂತ್ರ, ಬಚ್ಚಲೊಳಗಿದ್ದರೆ ಶೇಗಡಿಯ ಅಣ್ಣ. ಇನ್ನು ಕಟ್ಟಿಗೆ ಉರಿಸಿ ನೀರು ಕಾಯಿಸುವ ತಾಮ್ರದ ಬಂಬಾ: ತೊಗರಿ ಕಟ್ಟಿಗೆ ಹೊಲದಿಂದಲೇ ಬರುವ ಮನೆಗೆ ಇವತ್ತಿಗೂ ಅದನ್ನು ಸೋಲಿಸುವುದು ಕಷ್ಟ.

ಗಾಡಿಗಳು

ಜನವರಿಯ ಮುಂಜಾನೆ ಗಾಡಿ ಚಾಲೂ ಆಗದಿದ್ದರೆ ಬೈಗುಳ ಥಂಡಿಗೆ ಬೀಳುತ್ತದೆ. ಬ್ಯಾಟರಿಯನ್ನು ಕೊಂದದ್ದು ಮೇ ತಿಂಗಳ ಬಿಸಿಲು. ನಲವತ್ತು ಡಿಗ್ರಿಯ ಕಾವಿಗೆ ಒಳಗಿನ ಫಲಕಗಳು ಸವೆಯುತ್ತವೆ, ನೀರು ಆರುತ್ತದೆ. ಬೆಚ್ಚಗಿನ ದಿನಗಳಲ್ಲಿ ಹೇಗೋ ನಡೆಯುತ್ತದೆ. ನಸುಕಿನ ಏಳು ಡಿಗ್ರಿಗೆ ಬ್ಯಾಟರಿಯ ಬಲ ಇನ್ನಷ್ಟು ಇಳಿದು, ದಪ್ಪಗಾದ ಎಂಜಿನ್ ಆಯಿಲ್ ಹೆಚ್ಚು ಬಲ ಕೇಳಿದಾಗ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಪರೀಕ್ಷೆ ನವೆಂಬರಿನಲ್ಲೇ ಆಗಲಿ. ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯಲ್ಲಿ ಮುಂಜಾನೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಕುಸಿದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಉಪಯೋಗವಿಲ್ಲ, ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರ್ ತೋರಿಸಿ. ಕಿಕ್ ಇಲ್ಲದ ಹೊಸ ಬಿಎಸ್-6 ಬೈಕುಗಳವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ.

ಬ್ಯಾಟರಿ ಕೊಳ್ಳುವಾಗ ಮೇಲಿನ ತಯಾರಿಕೆಯ ತಿಂಗಳು ಓದಿಸಿ. ಆರು ತಿಂಗಳು ಶೆಲ್ಫಿನಲ್ಲಿ ಕೂತದ್ದು ಬೇಡ. '48 ತಿಂಗಳ ವಾರಂಟಿ'ಯಲ್ಲಿ ಎಷ್ಟು ತಿಂಗಳು ಪುಕ್ಕಟೆ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ ಎಂದು ಬಿಲ್ಲಿನಲ್ಲೇ ಬರೆಸಿ. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕೂತಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

'ಚಳಿಗಾಲದ ಆಯಿಲ್' ಎಂದು ಮಾರುವುದು ಇಲ್ಲಿ ಬೇಡದ ಖರ್ಚು. ಡಬ್ಬಿಯ ಮೇಲಿನ 20 ಡಬ್ಲ್ಯೂ ಎಂಬ ಗ್ರೇಡಿನ ಚಳಿ ಪರೀಕ್ಷೆ ನಡೆಯುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10 ಡಬ್ಲ್ಯೂಗೆ 25 ಕೆಳಗೆ. ಬೀದರಿನ ಏಳು ಡಿಗ್ರಿ ಇವೆರಡಕ್ಕೂ ಲೆಕ್ಕಕ್ಕಿಲ್ಲ. ಗಾಡಿಯ ಪುಸ್ತಕದಲ್ಲಿರುವ ಗ್ರೇಡನ್ನೇ ಹಾಕಿ, ಬದಲಿಸುವ ಕಿಲೋಮೀಟರ್ ಮೀರಬೇಡಿ, ಏಕೆಂದರೆ ಮಸಿ ಹಿಡಿದ ಹಳೆ ಆಯಿಲ್ ಹೊಸದಕ್ಕಿಂತ ಬೇಗ ದಪ್ಪಗಾಗುತ್ತದೆ. ಕೂಲಂಟ್ ವಿಷಯವೂ ಹಾಗೆಯೇ. ಅರ್ಧಕ್ಕರ್ಧ ಬೆರೆಸಿದ ಗ್ಲೈಕಾಲ್ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಅದು ಬೇಕಾಗಿರುವುದು ತುಕ್ಕಿಗೆ ಮತ್ತು ಬೇಸಿಗೆಯ ಕುದಿತಕ್ಕೆ. ರೇಡಿಯೇಟರಿಗೆ ಬೋರ್ ನೀರು ಸುರಿಯಬೇಡಿ ಎಂಬ ಮಾತು ಹನ್ನೆರಡು ತಿಂಗಳೂ ಸರಿ.

ಕಬ್ಬಿನ ಟ್ರ್ಯಾಕ್ಟರಿನವರಿಗೆ ಮಾತ್ರ ಒಂದು ನಿಜವಾದ ಚಳಿಗಾಲದ ತೊಡಕಿದೆ, ಥಂಡಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುವ ಡೀಸೆಲ್ಲಿನ ಮೇಣ. ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರಿನಲ್ಲಿ ಹಾಯಬೇಕು, ಬೇಸಿಗೆಯದ್ದಕ್ಕೆ ಆ ಮಿತಿ 18 ಡಿಗ್ರಿ. ಬಹಳಷ್ಟು ಡೀಸೆಲ್ ಮಿತಿಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಮೇ ತಿಂಗಳಲ್ಲಿ ಡ್ರಮ್ಮಿಗೆ ತುಂಬಿಟ್ಟದ್ದನ್ನು ಜನವರಿಯ ನಸುಕಿಗೆ ಸುರಿದರೆ ಚಾಲೂ ಆಗಿ ಎರಡು ನಿಮಿಷಕ್ಕೆ ಉಸಿರುಗಟ್ಟಿ ನಿಲ್ಲಬಹುದು. ಹಳೆಯದನ್ನು ದೀಪಾವಳಿಯೊಳಗೆ ಮುಗಿಸಿ, ಫಿಲ್ಟರ್ ಕೆಳಗಿನ ನೀರಿನ ಬಿರಡೆ ಸಡಿಲಿಸಿ ತಳದ ನೀರು ಹೊರಬಿಡಿ. ಲಡಾಖಿನ ಚಳಿಗೆಂದು 2019ರಲ್ಲಿ ಬಂದ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ಇಲ್ಲಿ ಬೇಕಿಲ್ಲ, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದಂತೂ ಪಂಪು ಹಾಳುಮಾಡುವ ಕೆಲಸ. ಟ್ಯಾಂಕಿನ ಕೆಳಗೆ ಚಿಂದಿ ಹೊತ್ತಿಸಿ ಕಾಯಿಸುವ ರೂಢಿ ಇನ್ನೂ ಕೆಲವು ಕಡೆ ಇದೆ. ಬಿಡಿ. ಫಿಲ್ಟರಿನ ಮೇಲೆ ಬಿಸಿನೀರಿನ ಬಟ್ಟೆ ಸುತ್ತಿದರೆ ಅದೇ ಕೆಲಸ ಆಗುತ್ತದೆ.

ಚಾಲೂ ಮಾಡುವ ಕ್ರಮ: ಎಂಜಿನ್ನನ್ನು ಒಳಗಿಂದ ಕಾಯಿಸುವ ಗ್ಲೋ ಪ್ಲಗ್ ಇರುವ ಡೀಸೆಲ್ ಗಾಡಿಯಲ್ಲಿ ಸುರುಳಿಯ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚಿಲ್ಲ, ನಡುವೆ ಅರ್ಧ ನಿಮಿಷ ಬಿಡುವು. ಕಾರ್ಬೊರೇಟರ್ ಬೈಕಿಗೆ ಚೋಕ್ ಎಳೆದು, ರೇಸ್ ಕೊಡದೆ ಕಿಕ್, ಒಂದು ನಿಮಿಷದೊಳಗೆ ಚೋಕ್ ವಾಪಸ್. ಇಂಜೆಕ್ಷನ್ ಬೈಕಿಗೆ ಚಾವಿ ತಿರುಗಿಸಿ ಪಂಪಿನ ಸಣ್ಣ ಗುಂಯ್ ಸದ್ದು ನಿಂತ ಮೇಲೆ ಸೆಲ್ಫ್. ನಿಲ್ಲಿಸಿಕೊಂಡು ಹತ್ತು ನಿಮಿಷ ಗುರುಗುಡಿಸುವುದು ಬೇಡ, ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಎರಡು ಕಿಲೋಮೀಟರ್ ಮೆತ್ತಗೆ ಓಡಿಸಿ.

ಜಂಪ್ ಕೇಬಲ್ ಕೊಳ್ಳುವುದಾದರೆ ತೂಕ ನೋಡಿ. ಮುನ್ನೂರು ರೂಪಾಯಿಯದ್ದು ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ತಾಮ್ರ ಬಳಿದ ಅಲ್ಯುಮಿನಿಯಂ ಎಳೆ. ಕಾರನ್ನು ಎಬ್ಬಿಸುವ ಮೊದಲು ತಾನೇ ಹೊಗೆಯಾಡುತ್ತದೆ. ಪೆಟ್ರೋಲ್ ಕಾರಿಗೆ 16, ಡೀಸೆಲ್ಲಿಗೆ 25 ಚದರ ಮಿಲಿಮೀಟರಿನ ಅಸಲಿ ತಾಮ್ರ ಬೇಕು. ಕೆಂಪು ತುದಿ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಕೆಂಪು ಒಳ್ಳೆಯದರ ಪ್ಲಸ್ಸಿಗೆ, ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ಕಪ್ಪು ಕೆಟ್ಟ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿಯ ಮೇಲೇ ಕಿಡಿ ಹಾರದಿರಲಿ ಎಂದು ಆ ಕೊನೆಯದನ್ನು ದೂರ ಹಿಡಿಯುವುದು.

ಡ್ಯಾಶ್‌ಬೋರ್ಡಿನ ಮೇಲಿಡುವ 12 ವೋಲ್ಟಿನ ಹೀಟರಿಗೆ ಸೊನ್ನೆ ಅಂಕ. 150 ವಾಟ್ ಎಂದರೆ ಹನ್ನೆರಡೂವರೆ ಆಂಪಿಯರ್, ಲೈಟರ್ ಸಾಕೆಟ್ಟಿನ ಫ್ಯೂಸ್ ಹಾರಿಸಬಹುದು, ಗಾಜಿನ ಮಂಜು ಹೋಗಲಾಡಿಸಲು ಸಾಲದು. ಒಳಗೆ ಕೂತವರ ಉಸಿರಿನಿಂದ ಗಾಜು ಮಬ್ಬಾದರೆ ಎಸಿ ಆನ್, ಬಿಸಿಗಾಳಿ ಗಾಜಿನ ಕಡೆ, ಹೊರಗಿನ ಗಾಳಿ ಒಳಬರುವ ಬಟನ್. ಎರಡು ನಿಮಿಷಕ್ಕೆ ತಿಳಿಯಾಗುತ್ತದೆ.

ಟೈರ್ ಗಾಳಿಯನ್ನು ಮಧ್ಯಾಹ್ನ ಬಂಕಿನಲ್ಲಿ 33ಕ್ಕೆ ಹಿಡಿಸಿದರೆ ಇಪ್ಪತ್ತು ಡಿಗ್ರಿ ಇಳಿದ ನಸುಕಿಗೆ ಅದು ಸುಮಾರು 30 ಪಿಎಸ್‌ಐ ಆಗಿರುತ್ತದೆ, ಹೊಸ ಕಾರುಗಳಲ್ಲಿ ಟೈರ್ ಗಾಳಿಯ ಹಳದಿ ದೀಪವೂ ಹತ್ತಬಹುದು. ಪಂಕ್ಚರ್ ಎಂದು ಟೈರ್ ಬಿಚ್ಚಿಸುವ ಮೊದಲು ನಾಲ್ಕೂ ಗಾಲಿ ಅಳೆಸಿ. ನಾಲ್ಕರಲ್ಲೂ ಸಮನಾಗಿ ಇಳಿದಿದ್ದರೆ ಅದು ಥಂಡಿ, ಒಂದರಲ್ಲೇ ಇಳಿದಿದ್ದರೆ ಮೊಳೆ.